ಮಳೆಗಾಲದ ಪ್ಲಗ್ಗು, ಬೇಸಿಗೆಯ ಘಾಟಿ

ಹೊಸನಗರದ ಮೆಕ್ಯಾನಿಕ್ ಜಟ್ಟಪ್ಪ ಕೂತು ಕಾಫಿ ಕುಡಿದದ್ದನ್ನು ಯಾರೂ ಕಂಡಿಲ್ಲ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಸ್ಪ್ಯಾನರ್. ಎರಡು ಗುಟುಕಿನ ನಡುವೆ ಮೂರು ಗಾಡಿಯ ಬಾನೆಟ್ ಎತ್ತಿ ಇಳಿಸಿರುತ್ತಾನೆ. ಮದುವೆಮನೆಯ ಪಂಕ್ತಿಯಲ್ಲೂ ಪಾಯಸ ಬರುವ ಮೊದಲೇ ಎದ್ದು, ಹೊರಗೆ ನಿಂತ ಜೀಪುಗಳ ಸುತ್ತ ತಿರುಗುತ್ತಾನೆ. "ಇವ್ರ ಕಾಲಿಗೆ ಚಕ್ರ ಕಟ್ಟೇ ಕಳ್ಸಿದಾನೆ ದೇವ್ರು" ಎಂದು ಹೆಂಡತಿ ಲಕ್ಷ್ಮೀ ಬೈದು ಬೈದು ಈಗ ಸುಮ್ಮನಾಗಿದ್ದಾಳೆ.

ಇಂಥ ಅವಸರದವನು ಸ್ಟೀರಿಂಗ್ ಹಿಡಿದರೆ ಮಾತ್ರ ಎಮ್ಮೆ ಹೊಡೆದುಕೊಂಡು ಹೋದ ಹಾಗೆ ಹೋಗುತ್ತಾನೆ. ಅವನ ಕೈಯಲ್ಲಿ ಸ್ಪೀಡಿನ ಮುಳ್ಳು ನಲವತ್ತು ದಾಟಿದ್ದಿಲ್ಲ. ಗಿರಾಕಿಗಳು ಇದನ್ನು ಗೌರವದಿಂದ ಹೇಳಿಕೊಳ್ಳುತ್ತಿದ್ದರು. ಈ ಗೌರವವೇ ಅವನ ಕುತ್ತಿಗೆಗೆ ಬಂದದ್ದು.

ತೀರ್ಥಹಳ್ಳಿ ಕಡೆಯ ಹೂವಯ್ಯ ಗೌಡರದ್ದೊಂದು ಕೆಂಪು ಕಾರಿದೆ. ಎರಡೇ ಸೀಟು, ಮಡಚುವ ಟಾಪು, ವಯಸ್ಸು ನಲವತ್ತರ ಮೇಲೆ. ವರ್ಷಕ್ಕೊಮ್ಮೆ ಹಳೇ ಕಾರಿನವರೆಲ್ಲ ಸೇರಿ ಹುಲಿಕಲ್ ಘಾಟಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತುತ್ತಾರೆ. ಈ ಸಲ ತಾನೇ ಓಡಿಸುತ್ತೇನೆಂದು ಮಗಳು ಭವ್ಯಾ ಹಟ ಹಿಡಿದಿದ್ದಳು. ಭವ್ಯಾ ದನದ ಡಾಕ್ಟರು. ಒದೆಯುವ ಹಸುವಿಗೂ ಹೆದರದವಳು, ಅಪ್ಪನ ಎದುರು ಮಾತ್ರ ಮೂರು ವರ್ಷದಿಂದ ಸೋಲುತ್ತಿದ್ದಳು.

ಕೊನೆಗೆ ಹೂವಯ್ಯ ಹೇಳಿದರು, "ಜಟ್ಟಪ್ಪ ಸರಿ ಇದೆ ಅಂದ್ರೆ ತಗಂಡು ಹೋಗು. ಆದ್ರೆ ಎಂಜಿನ್‌ಗೆ ಏನಾದ್ರೂ ಆಯ್ತೋ, ಮಾರನೇ ದಿನ ಗುಜರಿಯೋನು ಬರ್ತಾನೆ ಅಷ್ಟೆ." ಬೆದರಿಕೆಯ ಮಾತಲ್ಲ ಅದು. ಆ ಕಾರಿನ ಪಿಸ್ಟನ್ನು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಎಂಜಿನ್ನಿಗೆ ಕಿಡಿ ಕೊಡುವ ಹೊಸ ಪ್ಲಗ್ಗು ತರಲು ಭವ್ಯಾ ಸಾಗರಕ್ಕೆ ಹೋಗಿದ್ದಳು. ಬಿಡಿಭಾಗದ ಅಂಗಡಿಯ ರವಿಶಂಕರ ಬೆಲೆಬಾಳುವ ಇರಿಡಿಯಂ ಪ್ಲಗ್ಗು ಮುಂದಿಟ್ಟು, "ಇದು ಹಾಕಿದ್ರೆ ಲಕ್ಷ ಕಿಲೋಮೀಟರ್ ತಿರುಗಿ ನೋಡೋದೇ ಬ್ಯಾಡ" ಎಂದ. ವರ್ಷಕ್ಕೆ ಐನೂರು ಓಡುವ ಕಾರಿಗೆ ಲಕ್ಷದ ಮಾತೇಕೆ ಎಂದು ಅವಳು, ಕಾರಿನ ಹಳೇ ಪುಸ್ತಕದಲ್ಲಿದ್ದ ನಂಬರಿನ ಸಾದಾ ಪ್ಲಗ್ಗನ್ನೇ ನಾಲ್ಕು ತಂದಳು.

ಜಟ್ಟಪ್ಪ ಅದನ್ನು ತಿರುಗಿಸಿ ನೋಡಿ ನಕ್ಕುಬಿಟ್ಟ. "ಇದು ತಣ್ಣನೇ ಪ್ಲಗ್ಗು ಭವ್ಯಮ್ಮ, ಬೇಗ ಕಾಯಲ್ಲ. ಪುಸ್ತಕ ಬರೆದೋನು ನಮ್ ಮಳೆ ನೋಡಿದಾನಾ?"

ಅವನ ಮಾತಿಗೆ ಕಾರಣವಿತ್ತು. ಮಳೆಗಾಲದಲ್ಲಿ ಇಲ್ಲಿನ ಗಾಡಿಗಳು ಕೆಸರಲ್ಲಿ ತೆವಳುತ್ತವೆ. ಪ್ಲಗ್ಗಿನ ತುದಿ ಸಾಕಷ್ಟು ಕಾಯದೆ ಮಸಿ ಹಿಡಿದು ಗಾಡಿ ನಿಲ್ಲುತ್ತದೆ. ಪ್ಲಗ್ಗು ಬಿಚ್ಚಿ ಬಚ್ಚಲ ಒಲೆಯ ಕೆಂಡದ ಬದಿಗಿಟ್ಟು ಒಣಗಿಸದ ಮನೆ ಈ ಸೀಮೆಯಲ್ಲಿ ಕಡಿಮೆ. ಅದಕ್ಕೇ ಮೂವತ್ತು ವರ್ಷದಿಂದ ಜಟ್ಟಪ್ಪ ಬಂದ ಗಾಡಿಗೆಲ್ಲ ಬೇಗ ಕಾಯುವ ಪ್ಲಗ್ಗನ್ನೇ ಹಾಕುತ್ತಾ ಬಂದವನು. ಕೆಂಪು ಕಾರಿಗೂ ಅದನ್ನೇ ಹಾಕಿದ. ಹತ್ತಿರದ ನಗರ ಎಂಬ ಊರಿನವರೆಗೆ ಓಡಿಸಿ ತಂದು ಬಿಚ್ಚಿ ನೋಡಿದರೆ ತುದಿ, ಹದವಾಗಿ ಕಾದದ್ದರ ಗುರುತಾದ ಬಿಸ್ಕತ್ತಿನ ಬಣ್ಣಕ್ಕೆ ಬಂದಿತ್ತು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಹೂವಯ್ಯನವರಿಗೆ ಫೋನು ಮಾಡಿ, "ಕಣ್ಮುಚ್ಚಿ ಕಳ್ಸಿ ಗೌಡ್ರೆ" ಎಂದ.

ಭಾನುವಾರ ಬೆಳಿಗ್ಗೆ ಭವ್ಯಾ ಬಂದು ಕಾರು ಹತ್ತಿದಳು. ಜಟ್ಟಪ್ಪ ಆಗಲೇ ಇನ್ನೊಂದು ಜೀಪಿನಡಿ ಮಲಗಿದ್ದ. ಪೇಟೆ ದಾಟಿದ ಕಾರಿನ ಸದ್ದು ಕೇಳುತ್ತಿತ್ತು. ಅವನು ಗೇರು ಬದಲಿಸುತ್ತಿದ್ದ ಜಾಗದಲ್ಲಿ ಅವಳು ಬದಲಿಸಲಿಲ್ಲ. ಸದ್ದು ಏರಿತು, ಇನ್ನೂ ಏರಿತು. ಬೋಲ್ಟು ತಿರುಗಿಸುತ್ತಿದ್ದವನು ಅದನ್ನು ಬಿಟ್ಟು ಕಿವಿಗೊಟ್ಟ.

ಆ ಬಿಸ್ಕತ್ತಿನ ಬಣ್ಣ ಅವನ ನಲವತ್ತರ ಸ್ಪೀಡಿಗೆ ಬಂದದ್ದು. ಈ ಏಪ್ರಿಲ್ ಬಿಸಿಲಲ್ಲಿ, ಆ ಏರಿನಲ್ಲಿ ಅವಳು ಹೀಗೆ ಎಳೆದರೆ ಪ್ಲಗ್ಗು ಕೆಂಡವಾಗಿ ಪಿಸ್ಟನ್ನಿಗೆ ತೂತು ಬೀಳುವುದು ಖಂಡಿತ. ಎಲ್ಲ ಗೊತ್ತಿದ್ದವನು! ತನ್ನ ಮೇಲೆ ತನಗೇ ಬಂದ ಸಿಟ್ಟಿಗೆ ಜೀಪಿನಡಿಯಿಂದ ಏಳುವಾಗ ತಲೆ ಬಡಿಸಿಕೊಂಡ. ಫೋನು ಮಾಡಿದ. ಹತ್ತಲಿಲ್ಲ. ಅವಳು ತಂದಿದ್ದ ನಾಲ್ಕು ಪ್ಲಗ್ಗು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಜೇಬಿಗೆ ಹಾಕಿಕೊಂಡು ಬೈಕು ಹತ್ತಿದ.

ನಗರ ಬಂತು, ಮಾಸ್ತಿಕಟ್ಟೆ ಬಂತು. ಅಂಗಡಿ ಕಂಡಲ್ಲೆಲ್ಲ "ಕೆಂಪು ಕಾರು ಹೋಯ್ತಾ?" ಎಂದು ಕೂಗಿದ. ಹೋಯ್ತು, ಹೋಯ್ತು. ಘಾಟಿಯ ಬುಡಕ್ಕೆ ಇಳಿಯುವಾಗ ಎಂಜಿನ್ ಅಷ್ಟು ಕಾಯದು, ಹತ್ತುವ ಮೊದಲು ಸಿಕ್ಕರೆ ಸಾಕು ಎಂದು ತಿರುವು ತಿರುವಿಗೂ ಹೇಳಿಕೊಂಡ. ಬೈಕಿನ ಮುಳ್ಳು ಆ ದಿನ ಎಲ್ಲಿತ್ತೋ, ಅವನಂತೂ ನೋಡಲಿಲ್ಲ.

ಘಾಟಿಯ ಬುಡದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ಭವ್ಯಾಳದ್ದು ಮೂರನೆಯದು. ಪಕ್ಕದ ಸೀಟು ಅಪ್ಪನಿಗೆಂದು ಇತ್ತು. ಹೂವಯ್ಯನವರೋ ತಮ್ಮ ಜೀಪಿಗೊರಗಿ ಕೈಕಟ್ಟಿ ನಿಂತಿದ್ದರು.

"ಆಫ್ ಮಾಡಿ ಭವ್ಯಮ್ಮ!" ಜಟ್ಟಪ್ಪ ಬೈಕು ನಿಲ್ಲಿಸುವ ಮೊದಲೇ ಕೂಗಿದ. "ನಾ ಹಾಕಿದ್ ಪ್ಲಗ್ಗು ತಪ್ಪು. ಮೇಲೆ ಹೋಗೋದ್ರೊಳಗೆ ಎಂಜಿನ್ ಸುಟ್ಟೋಗುತ್ತೆ."

ಹೂವಯ್ಯನವರ ಮುಖ ಬಿಗಿಯಿತು. "ನಿನ್ ಮಾತಿನ್ ಮೇಲಲ್ವೇನೋ ನಾನು ಬಿಟ್ಟಿದ್ದು?"

"ಹೌದು ಗೌಡ್ರೆ. ಆ ಮಾತೇ ತಪ್ಪು. ಅವ್ರು ತಂದಿದ್ದೇ ಸರಿ ಇತ್ತು. ನಾನೇ ನಕ್ಕು ಮೂಲೆಗಿಟ್ಟೆ." ಅಷ್ಟು ಜನರೆದುರು ಹೇಳುವಾಗ ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

ಸ್ಪ್ಯಾನರ್ ಹಿಡಿದು ಬಗ್ಗಿದವನು ತಾನೇ ತಡೆದು ನಿಂತ. ಬಿಸಿ ಎಂಜಿನ್ನಿನಿಂದ ಪ್ಲಗ್ಗು ಬಿಚ್ಚಿದರೆ ಅದು ಕೂರುವ ತೂತಿನ ತಿರುಪೇ ಕಿತ್ತು ಬರುತ್ತದೆ. ಆರಲು ಅರ್ಧ ಗಂಟೆ ಬೇಕು. ಕಾರುಗಳನ್ನು ಒಂದೊಂದಾಗಿ ಬಿಡುತ್ತಿದ್ದ ಬಾವುಟದವನನ್ನು ಕೇಳಿಕೊಂಡು ಭವ್ಯಾ ತನ್ನ ಸರದಿಯನ್ನು ಕೊನೆಗೆ ಹಾಕಿಸಿಕೊಂಡಳು. ಜಟ್ಟಪ್ಪ ಕಿಲೋಮೀಟರ್ ಕಲ್ಲಿನ ಮೇಲೆ ಕೂತ. ಒಂದೊಂದೇ ಕಾರು ಹತ್ತಿ ಹೋಯಿತು. ಕಾಲು ಕುಣಿಯಿತು, ಕೈ ತುರಿಸಿತು. ಎಂಜಿನ್ ಮುಟ್ಟುವುದು, ಕೈ ಹಿಂದೆಗೆಯುವುದು, ಮತ್ತೆ ಕೂರುವುದು. ಜೀವಮಾನದಲ್ಲೇ ಇಷ್ಟು ಉದ್ದದ ಅರ್ಧ ಗಂಟೆಯನ್ನು ಅವನು ಕಂಡಿರಲಿಲ್ಲ.

ಪ್ಲಗ್ಗು ಬದಲಾದ ಮೇಲೆ ಭವ್ಯಾ ಪಕ್ಕದ ಬಾಗಿಲು ತೆಗೆದಳು. "ಹತ್ತಿ ಜಟ್ಟಪ್ಪಣ್ಣ. ನನ್ ಸ್ಪೀಡಲ್ಲಿ ಒಂದ್ಸಲ ಕೇಳಿ ನೋಡಿ."

ಅಪ್ಪನಿಗೆಂದಿದ್ದ ಹೆಲ್ಮೆಟ್ಟು ಹಾಕಿಕೊಂಡು ಅವನು ಹತ್ತಿದ. ಮೊದಲ ತಿರುವಿಗೆ ಕಣ್ಣು ಮುಚ್ಚಿದ, ಮೂರನೆಯದಕ್ಕೆ ತೆರೆದ. ಎಂಜಿನ್ನು ಎಲ್ಲೂ ಟಕಟಕ ಎನ್ನದೆ ಒಂದೇ ದನಿಯಲ್ಲಿ ಏರುತ್ತಾ ಹೋಯಿತು. ತನ್ನ ಕೈಯಲ್ಲಿ ಇಷ್ಟು ವರ್ಷ ಈ ಎಂಜಿನ್ನು ಹೀಗೆ ಹಾಡಿರಲಿಲ್ಲ ಎಂದು ಅವನಿಗೆ ಬೇಸರವೂ ಆಯಿತು, ಖುಷಿಯೂ ಆಯಿತು.

ಮೇಲೆ ನಿಂತ ಕೂಡಲೇ ಅವನ ಕೈ ಸ್ಪ್ಯಾನರಿಗೆ ಹೋಯಿತು. "ಆರ್ಲಿ" ಎಂದಳು ಭವ್ಯಾ. ಅವನು ಕೂತ. ಆರಿದ ಮೇಲೆ ಸ್ಪ್ಯಾನರನ್ನು ಅವಳ ಕೈಗೇ ಕೊಟ್ಟ.

ಅವಳು ಪ್ಲಗ್ಗು ಬಿಚ್ಚಿ, ಬಿಸ್ಕತ್ತಿನ ಬಣ್ಣಕ್ಕೆ ಬಂದಿದ್ದ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಿರುವಾಗ ಹೂವಯ್ಯನವರ ಜೀಪು ಬಂತು. ಅವರು ಇಳಿದು, ಪ್ಲಗ್ಗನ್ನೂ ಮಗಳನ್ನೂ ದಾಟಿ ನೇರ ಅವನ ಹತ್ತಿರ ಬಂದರು.

"ಎಂಜಿನ್ ಸರಿ ಇದೆಯೇನೋ ಜಟ್ಟಪ್ಪ?"

ಜಟ್ಟಪ್ಪ ಕೂತಲ್ಲಿಂದ ಏಳಲಿಲ್ಲ.

"ನನ್ನ ಕೇಳ್ಬೇಡಿ ಗೌಡ್ರೆ" ಎಂದ. "ಮಗಳ್ನ ಕೇಳಿ."