ನೀರಿಗೆ ಎದುರಾಗಿ ಓಡಿದ ಬೆಳಗು

ಮೊನ್ನೆ ಹಿತ್ತಿಲ ಕಲ್ಲಿನ ಮೇಲೆ ಕುಳಿತು ಓಟದ ಬೂಟಿನ ಅಡಿಗೆ ಅಂಟಿದ್ದ ಮಣ್ಣನ್ನು ಹಳೆಯ ಚಮಚದಿಂದ ಕೆರೆಯುತ್ತಿದ್ದೆ. ಗದ್ದೆಯ ಮಣ್ಣು ಒಣಗಿದರೆ ಹೆಂಚಿನ ಚೂರು. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ ನೋಡಿ, ಒಣ ನಾಲೆಗೆ ಹೊಸ ನೀರು ಬಂದಾಗ ಏಳುತ್ತದಲ್ಲ, ಅದೇ ವಾಸನೆ ಎದ್ದಿತು. ಕೈ ನಿಂತಿತು. ಒಳಗಿನಿಂದ ನನ್ನಾಕೆ, "ಅದು ಒಗ್ಗರಣೆ ಡಬ್ಬಿ ಚಮಚ ಅಲ್ಲ ತಾನೇ?" ಎಂದು ಕೇಳಿದಳು. ಆ ವಿಚಾರವನ್ನು ಇಲ್ಲಿ ಎತ್ತುವುದು ಬೇಡ.

ನಾನು ಓಟಗಾರನಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ವೈದ್ಯರ ಆಜ್ಞಾನುಸಾರ. ಅಲ್ಲಿಯವರೆಗೆ, ನಂಜನಗೂಡಿನಿಂದ ನರಸೀಪುರದ ಕಚೇರಿಗೆ ಹೋಗುವ ಬಸ್ಸಿನ ಹಿಂದೆ ಓಡಿದ್ದನ್ನು ಬಿಟ್ಟರೆ, ಆ ಕ್ಷೇತ್ರದಲ್ಲಿ ನನ್ನ ಸಾಧನೆ ಏನೂ ಇರಲಿಲ್ಲ. ಆದರೆ ಸಿದ್ಧತೆಯಿಲ್ಲದೆ ಯಾವ ಕೆಲಸಕ್ಕೂ ಇಳಿಯುವವನು ನಾನಲ್ಲ. ದಾರಿಯನ್ನು ಆರಿಸುವುದರಲ್ಲೇ ಮೂರು ವಾರ ಕಳೆದೆ. ಕಳಲೆ ರಸ್ತೆಯಲ್ಲಿ ಓಡಿದರೆ ಪರಿಚಿತರು ಬೈಕು ನಿಲ್ಲಿಸಿ, "ಹತ್ಕಳಿ ಸಾ, ಎಲ್ಲಿಗ್ ಬಿಡ್ಬೇಕು?" ಎನ್ನುತ್ತಿದ್ದರು. ಒಂದೆರಡು ಸಲ ದಾಕ್ಷಿಣ್ಯಕ್ಕೆ ಹತ್ತಿಯೂ ಬಿಟ್ಟೆ. ಹೆಮ್ಮರಗಾಲದ ಕಡೆ ಹೋದರೆ ಅಲ್ಲಿನ ನಾಯಿಗಳು ಓಟದಲ್ಲಿ ನನಗಿಂತ ಬಹಳ ಮುಂದಿದ್ದವು.

ಕೊನೆಗೆ ಸಿಕ್ಕಿದ್ದು ಬಿಳಿಗೆರೆ ಕಡೆಯ ಒಂದು ಉಪನಾಲೆಯ ಏರಿ. ಎರಡೂ ಕಡೆ ಗದ್ದೆ, ಕಣ್ಣು ಹೋದಷ್ಟು ದೂರ ದಿಣ್ಣೆಯೂ ಇಲ್ಲ, ತಗ್ಗೂ ಇಲ್ಲ. ಮಗಳು ಕೊಡಿಸಿದ ಕೈಗಡಿಯಾರವೂ ಹತ್ತಿದ ಎತ್ತರ ಸೊನ್ನೆ ಎಂದು ಸರ್ಟಿಫಿಕೇಟು ಕೊಟ್ಟಿತು. ದೇವರು ಈ ಸೀಮೆಯನ್ನು ಐವತ್ತು ದಾಟಿದವರಿಗೆಂದೇ ಮಟ್ಟಗೋಲು ಹಿಡಿದು ಮಾಡಿಸಿದ್ದಾನೆ ಎಂದುಕೊಂಡೆ. ಇದು ತಪ್ಪು ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ನಾಲೆ ಮುಗಿಯುವ ಕೊನೆಯಲ್ಲಿ ಸ್ಕೂಟರು ನಿಲ್ಲಿಸಿ, ನಾಲೆಗೆ ನೀರು ಬಿಡುವ ಮೇಲಿನ ಗೇಟಿನ ದಿಕ್ಕಿಗೆ ಮೂರು ಕಿಲೋಮೀಟರು ಓಡಿ, ತಿರುಗಿ ಬರುವುದು ನನ್ನ ಯೋಜನೆ. ಮೊದಲ ದಿನ ಹೊರಟಾಗ ನಾಲೆ ಒಣಗಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ನೀರು ನನ್ನೆದುರಿಗೇ ಬಂತು. ಶುಭಶಕುನ ಎಂದುಕೊಂಡು ಮುಂದುವರಿದೆ. ದಾರಿಯಲ್ಲಿ ಸಿಕ್ಕ ಊರಿನ ಜಗಲಿಗಳ ಮೇಲೆ ಕುಳಿತಿದ್ದವರು ನನ್ನನ್ನು ಕಂಡು ಎದ್ದು ನಿಂತರು. ಏನೋ ಕೂಗಿದರು. ಇಷ್ಟು ವರ್ಷದ ನೌಕರಿಯಲ್ಲಿ ನನ್ನನ್ನು ಕಂಡು ಯಾರೂ ಎದ್ದವರಲ್ಲ. ಸಂತೋಷ ತಡೆಯಲಾರದೆ ಎರಡೂ ಕೈ ಎತ್ತಿ ಬೀಸಿದೆ.

ಮೂರನೆಯ ಕಿಲೋಮೀಟರಿನಿಂದ ತಿರುಗಿ ಅದೇ ಊರಿಗೆ ಬಂದಾಗ ಏರಿಯ ಮೇಲೆ ಹದಿನೈದಿಪ್ಪತ್ತು ಜನ ಸೇರಿದ್ದರು. ಕೆಲವರ ಕೈಯಲ್ಲಿ ಸನಿಕೆ, ಕೆಲವರ ಬೆನ್ನ ಮೇಲೆ ಮರಳಿನ ಮೂಟೆ.

"ಎಲ್ಲಿ ಸಾ ಕಿತ್ಕಂಡಿರದು? ಕೆಳೀಕ್ ಓಗಿ ಉಡುಕ್ಬುಟ್ಟು ಬಂದೋ, ಏನೂ ಕಾಣ್ನಿಲ್ಲ" ಎಂದ ಒಬ್ಬ.

"ಏನು ಕಿತ್ತುಕೊಂಡಿರುವುದು?"

"ಏರಿ ಸಾ, ಏರಿ! ಯಾವ ತಾವು ಒಡ್ದದೆ?"

"ಎಲ್ಲೂ ಒಡೆದಿಲ್ಲವಲ್ಲ."

"ಮತ್ಯಾಕ್ ಓಡುದ್ರಿ?"

"ಆರೋಗ್ಯಕ್ಕೆ."

ಅಷ್ಟು ಭಾರದ ಮೂಟೆ ಹೊತ್ತವರಿಗೆ ಅಷ್ಟು ಹಗುರವಾದ ಉತ್ತರವನ್ನು ಯಾರೂ ಕೊಟ್ಟಿರಲಾರರು.

ಆ ಏರಿಯ ಮೇಲೆ ಬರೆದಿಡದ ಕಾಯಿದೆಯೊಂದಿದೆ. ನೀರಿನ ಜೊತೆ ಓಡುವವನು ನೀರುಗಂಟಿ. ಗದ್ದೆಗದ್ದೆಗೆ ನೀರು ಹಂಚುವವನು. ನೀರಿಗೆ ಎದುರಾಗಿ ಓಡುವವನಿದ್ದರೆ, ಕೆಳಗೆಲ್ಲೋ ಏರಿ ಒಡೆದಿದೆ, ಅವನು ಗೇಟು ಮುಚ್ಚಿಸಲು ಹೋಗುತ್ತಿದ್ದಾನೆ ಎಂದು ಅರ್ಥ. ಅವನು ಕೈಯನ್ನೂ ಎತ್ತಿದರೆ ಕೂಡಲೇ ಫೋನು ಮಾಡಬೇಕು. ಮಾಡಿದ್ದರು. ಗೇಟು ನೋಡಿಕೊಳ್ಳುವ ಸೌಡಿ ಮುಚ್ಚಿಬಿಟ್ಟಿದ್ದ. ನಾವು ನೋಡುತ್ತಿದ್ದಂತೆಯೇ ನಾಲೆಯ ನೀರು ತಗ್ಗತೊಡಗಿತ್ತು.

ಗುಂಪನ್ನು ಸೀಳಿಕೊಂಡು ಚಿಕ್ಕತಾಯಮ್ಮ ಬಂದರು. ನಾಲೆಯ ಕಟ್ಟಕಡೆಯ ಗದ್ದೆ ಅವರದು. ಅಂದು ನೀರಿನ ಸರದಿಯೂ ಅವರದೇ.

"ಪೈರ್ ಕಿತ್ತಾಕಿವ್ನಿ ಕಣ್ರಪ್ಪಾ, ಎಂಟಾಳು ಬದಿನ್ ಮ್ಯಾಲೆ ಕುಂತವ್ರೆ. ಇವತ್ ತಪ್ಪುದ್ರೆ ಇನ್ನತ್ತು ದಿನ. ಅಲ್ಲೀಗಂಟ ಆ ಪೈರ ತಲೆಗ್ ಮುಡ್ಕಳ್ಳಾ?" ಎಂದರು. ಆಮೇಲೆ ನನ್ನ ಬೂಟನ್ನು ಒಮ್ಮೆ ನೋಡಿ, "ಇವ್ರ್ ಆರೋಗ್ಯ ಸರೋಯ್ತು. ನನ್ ಗದ್ದೆ ಆರೋಗ್ಯ ಯಾರ್ ನೋಡೋರು?"

ನಾಟಿಗೆಂದು ಕಿತ್ತ ಪೈರು ಎರಡು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ ಎಂಬುದು ನನಗೂ ಗೊತ್ತಿತ್ತು.

ಆಗ ಮುಂದೆ ಬಂದವರು ನೀರುಗಂಟಿ ಮಾದಯ್ಯ. ಅರವತ್ತೈದರ ಆಸುಪಾಸು, ಮೊಣಕಾಲ ಮೇಲಕ್ಕೆ ಕಟ್ಟಿದ ಪಂಚೆ, ಬರಿಗಾಲು. ಸೌಡಿಯ ಫೋನು ಎಷ್ಟು ಹೊತ್ತಾದರೂ ಬಿಜಿ. ಏರಿ ಒಡೆದ ಸುದ್ದಿಯನ್ನು ಊರೂರಿಗೆ ಹಂಚುತ್ತಿದ್ದನೆಂದು ಆಮೇಲೆ ತಿಳಿಯಿತು. ಗೇಟಿನ ದಾರಿಯಲ್ಲಿ ಮೋರಿ ಕೆಲಸಕ್ಕೆ ಏರಿಯನ್ನು ಅಗೆದಿದ್ದರಿಂದ ಬೈಕೂ ಹೋಗದು.

"ಅವ ಇನ್ನೊಂದ್ ನಾಲೆಗೆ ಒಂಟೋಯ್ತನೆ. ಅಷ್ಟ್ರಲ್ಲಿ ಇಡೀಬೇಕು. ಬನ್ನಿ ಸಾ, ನೀವೂ" ಎಂದರು ಮಾದಯ್ಯ.

"ನಾನೇಕೆ?"

"ಒಡ್ದಿಲ್ಲ ಅಂತ ನಾನೊಬ್ನೇ ಏಳುದ್ರೆ ನಂಬಲ್ಲ. ಓಡ್ದವ್ರೇ ಬಂದ್ ಏಳ್ಬೇಕು. ಎಂಗೂ ಓಡಕ್ ತಾನೆ ಬಂದಿರದು?"

ಏರಿಯನ್ನು ಬಿಟ್ಟು ಗದ್ದೆಯ ಬದುಗಳ ಮೇಲೆ ಅಡ್ಡಹಾದಿ ಹಿಡಿದರು. ಬದು ಎಂದರೆ ಒಂದು ಪಾದದಗಲ, ಅದೂ ಒದ್ದೆ. ಅವರದು ಓಟವೂ ಅಲ್ಲ, ನಡಿಗೆಯೂ ಅಲ್ಲ. ಹೆಗಲ ಮೇಲಿನ ಸನಿಕೆ ಅಲುಗದಂಥ ಒಂದು ಹರಿವು. ಕಾಲ ಕೆಳಗೆ ನೋಡುತ್ತಲೂ ಇರಲಿಲ್ಲ. ನಾನು ಎರಡು ಸಲ ಗದ್ದೆಗೆ ಬಿದ್ದೆ. ಎರಡು ಸಲವೂ ಹಿಂತಿರುಗದೆಯೇ, "ಬಿದ್ರಾ? ಏಳಿ" ಎಂದರು. ಇದ್ದ ಶಕ್ತಿಯನ್ನೆಲ್ಲ ಹಾಕಿ ಓಡಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಬಿದ್ದ ನೋವಿಗಿಂತ, ಬದಿನ ಮೇಲೆ ಕುಳಿತಿದ್ದ ಆ ಎಂಟು ಆಳುಗಳೇ ನನ್ನನ್ನು ಹಿಂದಿನಿಂದ ನೂಕುತ್ತಿದ್ದರು.

ಗೇಟಿನ ಬಳಿ ಸೌಡಿ ಮೊಪೆಡ್ಡನ್ನು ಸ್ಟಾರ್ಟು ಮಾಡಿ ಆಗಿತ್ತು.

"ಏರಿ ಒಡ್ದಿಲ್ಲ ಕಣ್ಲಾ! ಈ ಸಾ ಸುಮ್ನೆ ಓಡ್ತಾ ಇದ್ರಂತೆ!" ಮಾದಯ್ಯ ದೂರದಿಂದಲೇ ಕೂಗಿದರು.

ಸೌಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಸುಮ್ನೇನಾ ಸಾ? ಯಾರೂ ಅಟ್ಟುಸ್ಕಂಡ್ ಬರ್ದೇನೆ?"

ಕೆಸರು ಮೆತ್ತಿದ ತಲೆಯನ್ನು ಆಡಿಸಿ ಸಾಕ್ಷಿ ನುಡಿದೆ. ಅವನು ಮರುಕದಿಂದ ಮೊಪೆಡ್ಡು ನಿಲ್ಲಿಸಿ ಗೇಟಿನ ಚಕ್ರ ತಿರುಗಿಸಿದ.

ಇನ್ನು ಮುಂದಿನದನ್ನು ಹೇಗೆ ಹೇಳಲಿ? ಬತ್ತಿದ್ದ ನಾಲೆಗೆ ಮತ್ತೆ ಬಂದ ನೀರಿನ ಜೊತೆ ನಾವು ಹಿಂತಿರುಗಿದೆವು. ಅದರ ಮುಂದಲೆಯಲ್ಲಿ ಹುಲ್ಲುಕಡ್ಡಿ, ನೊರೆ, ಪ್ರಾಣಭಯದಿಂದ ಓಡುವ ಹುಳುಗಳು. ಪಕ್ಕದಲ್ಲಿ ಹೆಜ್ಜೆ ಹಾಕುವ ಬೆಳ್ಳಕ್ಕಿಗಳು. ನೀರು ಒಂದೆಡೆ ನಿಂತು ಯೋಚಿಸಿದಂತೆ ಕಂಡಿತು, ಮತ್ತೆ ಹೊರಟಿತು. ಮಾದಯ್ಯ ಅದಕ್ಕಿಂತ ನಾಲ್ಕು ಹೆಜ್ಜೆ ಮುಂದೆ, ದಾರಿಯ ತೂಬುಗಳನ್ನು ನೋಡಿ ಮುಚ್ಚಿಕೊಂಡು ಸಾಗುತ್ತಿದ್ದರು.

"ಇದೆಲ್ಲ ಸಮತಟ್ಟು. ಆದರೂ ನೀರು ಹೇಗೆ ಹೋಗುತ್ತದೆ ಮಾದಯ್ಯನವರೇ?"

"ಸಮ ಎಲ್ಲದೆ ಸಾ? ಆ ಉಣ್ಸೆ ಮರದಿಂದ ಇಲ್ಲೀಗಂಟ ಒಂದ್ ಗೇಣು ಇಳ್ದದೆ. ಇಲ್ಲಿಂದ ಆ ಮೋರಿಗೆ ನಾಕ್ ಬೆರ್ಳು. ನಿಮ್ ಕಣ್ಗೆ ಸಮ. ಕಾಲ್ಗೆ ಗೊತ್ತಾಯ್ತದೆ."

ನಿಂತುಬಿಟ್ಟೆ. ನಂಜನಗೂಡಿನಿಂದ ನರಸೀಪುರದ ಸಂಗಮದವರೆಗೆ ಈ ನೆಲ ಬೆರಳು ಬೆರಳಾಗಿ ವಾಲಿಕೊಂಡು ಹೋಗುತ್ತಿದೆ. ಕಪಿಲೆ ಅದನ್ನು ಬಲ್ಲಳು. ನಾಲೆ ತೋಡಿದ ಹೆಸರಿಲ್ಲದ ಕೈಗಳು ಬಲ್ಲವು. ಈ ಮುದುಕರ ಅಂಗಾಲು ಬಲ್ಲದು. ಅದರ ಮೇಲೆಯೇ ದಿನವೂ ಬಸ್ಸಿನಲ್ಲಿ ತೂಕಡಿಸುತ್ತ ಹೋಗಿ ಬರುತ್ತಿದ್ದ ನನಗೆ ಒಂದು ದಿನವೂ ತಿಳಿದಿರಲಿಲ್ಲ. ಎತ್ತರದ ಬೆಟ್ಟವನ್ನು ಕಂಡು ಬೆರಗಾಗುವುದು ಯಾರಿಗಾದರೂ ಬರುತ್ತದೆ. ನಾಲ್ಕು ಬೆರಳ ಇಳಿಜಾರಿನ ಮುಂದೆ ಬಾಯಿ ತೆರೆದು ನಿಂತವನು ನಾನು.

"ನಿಂತ್ರೆ ನೀರ್ ಕಾಯಲ್ಲ ಸಾ" ಎಂದರು ಮಾದಯ್ಯ.

ನೀರು ಚಿಕ್ಕತಾಯಮ್ಮನ ಗದ್ದೆ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಆಳುಗಳು ಸೀರೆ ಎತ್ತಿ ಕಟ್ಟಿ ಇಳಿದರು. ಸಂಜೆಯೊಳಗೆ ಅರ್ಧ ಗದ್ದೆಗೆ ಪೈರು ನಿಂತಿತು; ಉಳಿದದ್ದು ಮರುದಿನ ಮುಗಿಯಿತು. ನನ್ನನ್ನು ಯಾರೂ ಬೈಯಲಿಲ್ಲ. ಹೊರಡುವಾಗ ಮಾದಯ್ಯ, "ಓಡಿ ಸಾ, ಬ್ಯಾಡ ಅನ್ನಲ್ಲ. ನೀರ್ ಜೊತೇಲಿ ಓಡಿ" ಎಂದಷ್ಟೇ ಹೇಳಿದರು.

ಅದಾಗಿ ಏಳು ವರ್ಷ. ಮಾದಯ್ಯನವರ ಮಂಡಿ ಈಗ ಮಾತು ಕೇಳುವುದಿಲ್ಲ. ಅವರು ಮನೆಯಲ್ಲೇ ಕುಳಿತು, ಸರದಿಯ ದಿನ ನೀರು ಈಗ ಎಲ್ಲಿರಬಹುದೆಂದು ಸೊಸೆಗೆ ಹೇಳುತ್ತಾರಂತೆ. ನಾನು ಸೌಡಿಯ ಮೊಪೆಡ್ಡಿನ ಹಿಂದೆ ಕುಳಿತು ಗೇಟಿಗೆ ಹೋಗಿ, ಅಲ್ಲಿಂದ ಕೆಳಗೆ ಓಡುತ್ತೇನೆ. ಇಳಿಜಾರು ಕಾಲಿಗೆ ಇನ್ನೂ ಪೂರ್ತಿ ತಿಳಿಯದು. ಒಂದೆರಡು ಕಡೆ ತಿಳಿದಂತೆ ಆಗುತ್ತದೆ.

ನಾಲೆಯ ಕೊನೆಯಲ್ಲಿ ಚಿಕ್ಕತಾಯಮ್ಮ ಮತ್ತು ಆಳುಗಳು ಬದಿನ ಮೇಲೆ ಕಾಯುತ್ತಿರುತ್ತಾರೆ. ನಾನು ಏದುಸಿರು ಬಿಡುತ್ತ ಕಾಣಿಸಿಕೊಂಡ ಕೂಡಲೇ ಅವರ ಮುಖ ಅರಳುತ್ತದೆ. ಆದರೆ ಒಬ್ಬರೂ ನನ್ನನ್ನು ನೋಡುವುದಿಲ್ಲ. ಅವರ ಕಣ್ಣೆಲ್ಲ ನನ್ನ ಬೆನ್ನ ಹಿಂದೆ. "ಬಂತಾ ಸಾ?" ಎನ್ನುತ್ತಾರೆ ಚಿಕ್ಕತಾಯಮ್ಮ. ನಾನು, ದೊಡ್ಡವರು ಬರುವಾಗ ಸರಿಯುವಂತೆ, ಏರಿಯ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತೇನೆ.