ಇನ್ನೂ ಬಾರದ ಫೋನು

ದೊಡ್ಡವನ ಕಟಿಂಗ್ ಶಾಪಿಗೂ ಚಿಕ್ಕವನ ಮೊಬೈಲ್ ಅಂಗಡಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ, ಅಷ್ಟೆ. ಅಪ್ಪ ಇದ್ದಾಗ ಅದೆಲ್ಲ ಒಂದೇ ಕೋಣೆ, ಎರಡು ಕುರ್ಚಿ. ಅಪ್ಪ ಹೋದಮೇಲೆ ಅಣ್ಣ ಒಂದು ಕುರ್ಚಿ, ತಮ್ಮ ಇನ್ನೊಂದು ಕುರ್ಚಿ ಹಿಡಿದು ಕೆಲವು ವರ್ಷ ನಡೆಸಿದರು. ಆಮೇಲೊಂದು ದಿನ ಚಿಕ್ಕವನು ಕತ್ತರಿ ಕೆಳಗಿಟ್ಟು, "ಅಣ್ಣಾ, ನಂಗ್ಯಾಕೋ ಈ ಕೂದ್ಲು ಸಾಕಾಗಿದೆ. ಅರ್ಧ ಜಾಗ ಕೊಡು, ಮೊಬೈಲ್ ಅಂಗಡಿ ಇಡ್ತೀನಿ" ಅಂದ. ದೊಡ್ಡವನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಇನ್ನು ಇಡೀ ಬೀದಿಯ ತಲೆಗಳೆಲ್ಲ ತನ್ನ ಕೈಗೇ ಬರಬೇಕು ತಾನೆ! ಬಡಗಿಯನ್ನು ಕರೆಸಿ ನಡುವೆ ಗೋಡೆ ನಿಲ್ಲಿಸಿದವನೂ ಅವನೇ.

ಸಂತೋಷ ಹೆಚ್ಚು ದಿನ ಬಾಳಲಿಲ್ಲ. ಚಿಕ್ಕವನು ಗಾಜಿನ ಬಾಗಿಲು ಹಾಕಿಸಿದ, ಏಸಿ ಹಾಕಿಸಿದ, ಕಣ್ಣು ಕೋರೈಸುವ ಬಿಳಿ ದೀಪ ಹಾಕಿಸಿದ. ಕಟಿಂಗಿಗೆ ಬಂದವರು ದೊಡ್ಡವನ ಬೆಂಚಿನ ಮೇಲೆ ಕೂತು ಕಾಯುವುದು ಬಿಟ್ಟು, "ನನ್ ಸರದಿ ಬಂದ್ರೆ ಒಂದ್ ಕೂಗು ಹಾಕಿ, ಅಲ್ಲೇ ತಣ್ಣಗೆ ಕೂತಿರ್ತೀನಿ" ಎಂದು ಆ ಕಡೆ ನುಗ್ಗತೊಡಗಿದರು. ಬೀದಿಯ ಸುದ್ದಿ ಎಂದರೆ ಕಟಿಂಗ್ ಶಾಪು, ಅಲ್ಲವೇ? ಯಾರ ಮನೆಯಲ್ಲಿ ಜಗಳ, ಯಾವ ಆಫೀಸರಿಗೆ ವರ್ಗ, ಯಾರ ಮಗಳು ಯಾರ ಮಗನ ಜೊತೆ ಮಾತಾಡಿದಳು, ಎಲ್ಲಕ್ಕೂ ಒಂದು ಅಭಿಪ್ರಾಯ ಬೇಕೆಂದರೆ ಜನ ದೊಡ್ಡವನ ಕುರ್ಚಿಗೇ ಬಂದು ತಲೆ ಕೊಡಬೇಕಿತ್ತು. ಈಗ ಬೆಂಚೂ ಖಾಲಿ, ಬಾಯಿಗೂ ಕೆಲಸವಿಲ್ಲ.

ಹೊಟ್ಟೆ ಉರಿಯಿತು. ಸುತ್ತಿ ಬಳಸಿ ಹೇಳುವುದೇಕೆ? ಒಡಹುಟ್ಟಿದ ತಮ್ಮ ನಾಲ್ಕು ಕಾಸು ನೋಡಿದರೆ ಅಣ್ಣನಾದವನು ಖುಷಿಪಡಬೇಕು ಎನ್ನುವುದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೆ ಉರಿ ಆರುತ್ತದೆಯೇ! ತಮ್ಮ ಅತ್ತಿಗೆಗೆ ಅಂತ ಒಂದು ಫೋನು ತಂದುಕೊಟ್ಟರೆ, "ಯಾವ್ದೋ ಮಾರಾಟ ಆಗದೇ ಇರೋದನ್ನ ನಮ್ ತಲೆಗೆ ಕಟ್ಟಿದ್ದಾನೆ" ಅಂದ. ತಮ್ಮ ಹೊಸ ಬೋರ್ಡು ಹಾಕಿಸಿದರೆ, ಅದರ ಬೆಳಕಿಗೆ ತನ್ನ ಕನ್ನಡಿಯಲ್ಲಿ ಗಿರಾಕಿಗಳ ಮುಖ ನೀಲಿಯಾಗಿ ಕಾಣುತ್ತದೆ ಅಂತ ರೇಗಿದ.

ಹೀಗಿರುವಾಗ ಚಿಕ್ಕವನ ಗಾಜಿನ ಬಾಗಿಲಿಗೆ ಒಂದು ಪೋಸ್ಟರು ಬಂತು. ಇನ್ನೂ ಮಾರುಕಟ್ಟೆಗೆ ಬಾರದ ಹೊಸ ಫೋನು. ಬೆನ್ನು ಗಾಜಿನದು, ಅಂಚು ಬಾಗಿದ್ದು, ಬೆಲೆ ಮಾತ್ರ ಬರೆದಿಲ್ಲ. ಕಂಪನಿಯವರು ಪೋಸ್ಟರಿನ ಜೊತೆಗೆ ಒಂದು ಡಮ್ಮಿಯನ್ನೂ ಕಳಿಸಿದ್ದರು. ನೋಡೋಕೆ ಅಸಲಿ ಫೋನು, ಒಳಗೆ ಬರೀ ಟೊಳ್ಳು. ಅದನ್ನು ಬಂದವರ ಕೈಗೆ ಕೊಟ್ಟು, ಡಿಸೈನ್ ಹೇಗಿದೆ, ಏನೇನು ಸೌಲಭ್ಯ ಇರಬೇಕು, ಎಷ್ಟಾದರೆ ಕೊಳ್ಳುತ್ತೀರಿ ಎಂದು ಕೇಳಿ ತಿಳಿಸಬೇಕಂತೆ. ಹೆಂಡತಿ ಕೂಡ ಒಂದು ಮಾತು ಕೇಳದ ಗಂಡಸರನ್ನು ಅಷ್ಟು ದೊಡ್ಡ ಕಂಪನಿಯೇ ಅಭಿಪ್ರಾಯ ಕೇಳಿದರೆ ಬಿಡುತ್ತಾರೆಯೇ? ಬೀದಿಗೆ ಬೀದಿಯೇ ಚಿಕ್ಕವನ ಅಂಗಡಿಗೆ ನುಗ್ಗಿತು.

ಪ್ಲೈವುಡ್ಡಿನ ಈಚೆಗೆ ಎಲ್ಲವೂ ಕೇಳಿಸುತ್ತಿತ್ತು.

"ಬೆನ್ ಮೇಲೆ ಈ ಕ್ಯಾಮೆರಾ ಉಬ್ಬಿದೆಯಲ್ಲಯ್ಯಾ, ಮೇಜಿನ ಮೇಲಿಟ್ರೆ ತೊನೆದಾಡುತ್ತೆ. ಇದನ್ ಯಾವನಯ್ಯಾ ಮಾಡ್ದೋನು?" ಎಂದರು ರಿಟೈರಾದ ಲೆಕ್ಕದ ಮೇಷ್ಟ್ರು.

"ಇದರ ಉದ್ದ ನೋಡಿ! ಷರಟಿನ ಜೇಬಲ್ಲಿಟ್ಟು ಬಗ್ಗಿದ್ರೆ ನೆಲಕ್ಕೇ. ಜೇಬು ಹೊಲಿಯೋರನ್ನ ಒಂದ್ ಮಾತು ಕೇಳ್ಬಾರದಿತ್ತಾ ಇವ್ರು?" ಎಂದಳು ಎದುರಿನ ಟೈಲರಕ್ಕ.

"ಉದ್ದ ಗಿದ್ದ ಬಿಡಕ್ಕ, ಚಾರ್ಜು ನಿಲ್ಬೇಕು. ದಾರಿ ಮಧ್ಯೆ ಸತ್ರೆ ಅದನ್ನ ಇಟ್ಕೊಂಡು ಗಾಳಿ ಬೀಸ್ಕೊಳ್ಳೋದಾ?" ಅಂದವನು ಲಾರಿ ಡ್ರೈವರು. "ಅದೂ ಅಲ್ದೆ ಡಬ್ಬದಲ್ಲಿ ಚಾರ್ಜರೇ ಇಲ್ವಂತೆ. ನಾಳೆ ಚಕ್ರ ಬಿಟ್ಟು ಲಾರಿ ಮಾರ್ತಾರೆ, ನೋಡ್ತಿರಿ."

ಆ ಕಡೆ ಗೊಳ್ಳೆಂದು ನಗು. ಈ ಕಡೆ ದೊಡ್ಡವನು ಯಾವುದೋ ತಲೆಗೆ ಬಾಚಣಿಗೆ ಹಾಕುತ್ತ ಹಲ್ಲು ಕಡಿದ. ತನ್ನನ್ನು ಯಾರೂ ಕೇಳಲಿಲ್ಲವಲ್ಲ! ನಿಜ ಹೇಳಬೇಕೆಂದರೆ ತಮ್ಮ ಕೇಳಿದ್ದ. ಡಮ್ಮಿ ಬಂದ ದಿನವೇ ಅದನ್ನು ಹಿಡಿದುಕೊಂಡು ಮೊದಲು ಇಲ್ಲಿಗೇ ಓಡಿಬಂದು, "ಅಣ್ಣಾ, ನೀನ್ ಹೇಳು, ಹೇಗಿದೆ?" ಅಂದಿದ್ದ. "ಕೆಲ್ಸ ಇದೆ ಕಣೋ, ನಿನ್ ಥರ ಆಟದ ಸಾಮಾನು ಇಟ್ಕೊಂಡು ಕೂರೋಕಾಗುತ್ತಾ?" ಎಂದು ಅಟ್ಟಿದವನು ಇವನೇ. ಮತ್ತೆ ಬಂದು ಕೇಳಲಿಲ್ಲ ಅಂತ ಈಗ ಕೋಪ. ಇಂಥವನಿಗೆ ಏನು ಹೇಳೋಣ!

ಹಾಗೆ ಹಲ್ಲು ಕಡಿಯುತ್ತಿದ್ದಾಗಲೇ ಲಾರಿ ಡ್ರೈವರು ಶೇವಿಂಗಿಗೆ ಬಂದು ಕೂತ. ಕೂತವನು, ತಮ್ಮನ ಅಂಗಡಿಯಲ್ಲಿ ಒಂದು ಫೋನು ನೋಡಿಟ್ಟು ಬಂದಿದ್ದೇನೆ, ಮುಖ ತೊಳೆದವನೇ ಹೋಗಿ ತೆಗೆದುಕೊಳ್ಳುತ್ತೇನೆ ಅಂದ. ದೊಡ್ಡವನು ಮುಖದ ತುಂಬ ನೊರೆ ಹಚ್ಚಿದ. ರೇಜರನ್ನು ಗಂಟಲ ಹತ್ತಿರ ತಂದ. ಆಮೇಲೆ ಮೆಲ್ಲಗೆ, ತಾನೂ ಈಗಷ್ಟೇ ನೆನಪಿಸಿಕೊಂಡವನ ಹಾಗೆ ಹೇಳಿದ: "ಇದನ್ನ ತಗೊಂಡು ಯಾಕೆ ಕೆಡ್ತೀರಿ? ಸ್ವಲ್ಪ ತಡೀರಿ. ಆ ಹೊಸದು ಬರುತ್ತಲ್ಲ, ಇದರ ಅರ್ಧ ರೇಟಂತೆ. ಒಂದ್ಸಲ ಚಾರ್ಜ್ ಮಾಡಿದ್ರೆ ಒಂದ್ ವಾರ ತಿರುಗಿ ನೋಡೋ ಹಾಗಿಲ್ಲ."

"ಉಂ?" ಅಂದ ಡ್ರೈವರು, ತುಟಿ ಅಲ್ಲಾಡಿಸದೆ.

"ನನ್ ತಮ್ಮಂದೇ ಅಂಗಡಿ ಅಲ್ವಾ, ನಂಗೆ ಗೊತ್ತಿಲ್ದೆ ಇರುತ್ತಾ? ಅವನು ಹೇಳಲ್ಲ. ಹಳೇ ಸ್ಟಾಕ್ ಹೋಗ್ಬೇಕಲ್ಲ."

"ಉಂ."

ಶೇವಿಂಗ್ ಮಾಡುವವರಿಗೆ ಒಂದು ಭ್ರಮೆ ಇರುತ್ತದೆ. ಕತ್ತಿನ ಮೇಲೆ ರೇಜರ್ ಇರುವಾಗ ಯಾವನೂ ಎದುರು ಮಾತಾಡುವುದಿಲ್ಲ, ಬರೀ ಉಂ ಅನ್ನುತ್ತಾನೆ. ದಿನವಿಡೀ ಆ ಉಂ ಕೇಳಿ ಕೇಳಿ, ತಾವು ಹೇಳುವುದೆಲ್ಲ ಜಗತ್ತು ಒಪ್ಪಿದ ಮಾತು ಎಂದು ಇವರಿಗೆ ನಂಬಿಕೆ ಬಂದುಬಿಡುತ್ತದೆ. ದೊಡ್ಡವನು ರೇಜರ್ ಒರೆಸುವ ಹೊತ್ತಿಗೆ ಅರ್ಧ ರೇಟಿನ ಮಾತು ಅವನಿಗೇ ಸತ್ಯದ ಹಾಗೆ ಕೇಳಿಸತೊಡಗಿತ್ತು. ಡ್ರೈವರು ಮುಖ ತೊಳೆದು ಹೊರಗೆ ಹೋದ, ಗಾಜಿನ ಬಾಗಿಲ ಮುಂದೆ ಒಂದು ಗಳಿಗೆ ನಿಂತ, ಒಳಗೆ ಹೋಗದೆ ಲಾರಿ ಹತ್ತಿದ.

ಆಹಾ! ಎಷ್ಟೋ ದಿನದ ಮೇಲೆ ದೊಡ್ಡವನಿಗೆ ಅಂದು ಅನ್ನ ರುಚಿಸಿತು.

ಆಮೇಲೆ ಶುರುವಾಯಿತು ನೋಡಿ ಇವನ ರೈಲು ಬಿಡುವ ಕೆಲಸ. ಕುರ್ಚಿಗೆ ಬಂದ ಒಬ್ಬೊಬ್ಬರ ತಲೆಗೂ ಒಂದೊಂದು ಫೋನು. ಮೇಷ್ಟ್ರಿಗೆ, ಕ್ಯಾಮೆರಾ ಉಬ್ಬು ತೆಗೆದುಬಿಟ್ಟಿದ್ದಾರೆ, ಹಲಗೆಯ ಹಾಗೆ ಸಮ ಅಂದ. ಟೈಲರಕ್ಕನ ಗಂಡನಿಗೆ, ಎರಡಾಗಿ ಮಡಚಿದರೆ ಜೇಬಿನಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ ಅಂದ. ನೀರಿಗೆ ಬಿದ್ದರೂ ಏನೂ ಆಗದಂತೆ, ಮೂರನೇ ಮಹಡಿಯಿಂದ ಎಸೆದರೂ ಗಾಜು ಒಡೆಯದಂತೆ, ಜೊತೆಗೆ ಚಾರ್ಜರ್ ಒಂದಲ್ಲ, ಎರಡಂತೆ. ಪ್ಲೈವುಡ್ಡಿನ ಆಚೆಗೆ ಜನ ಬಾಯಿಬಿಟ್ಟು ಕೇಳಿದ್ದನ್ನೆಲ್ಲ ಈಚೆಗೆ ಇವನು ಮಾಡಿಕೊಟ್ಟ. ಯಾವ ಕಂಪನಿಯೂ ಇಷ್ಟು ಬೇಗ ಮಾಡಿಕೊಡಲಾರದು. ಎಲ್ಲರಿಗೂ ಕೊನೆಯಲ್ಲಿ ಅದೇ ಮಾತು: "ನನ್ ತಮ್ಮಂದೇ ಅಂಗಡಿ ಅಲ್ವಾ!"

ಜನ ಹೋಗಿ ಚಿಕ್ಕವನನ್ನು ಕೇಳಿದರು. ಅವನು, "ರೇಟು ಇನ್ನೂ ಹೇಳಿಲ್ಲ, ನಂಗೊತ್ತಿಲ್ಲ" ಅಂದ. "ನೋಡ್ದ್ಯಾ, ಬಾಯಿ ಬಿಡ್ತಿಲ್ಲ. ಅಣ್ಣ ಹೇಳಿದ್ದು ನಿಜ" ಎಂದುಕೊಂಡು ಜನ ಕೈ ಕಟ್ಟಿ ಕೂತರು. ಇದ್ದ ಫೋನು ಕೊಳ್ಳುವವರಿಲ್ಲ. ಬಂದವರು ಡಮ್ಮಿ ಹಿಡಿದು ನೋಡಿ, ಏಸಿಯಲ್ಲಿ ಕೂತು, ಹೋಗುತ್ತಿದ್ದರು. ಆಮೇಲೆ ಏಸಿಯೂ ನಿಂತಿತು. ಆಗ ಒಬ್ಬೊಬ್ಬರಾಗಿ ದೊಡ್ಡವನ ಬೆಂಚಿಗೇ ವಾಪಸು ಬಂದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

"ರೀ, ವಾರಗಿತ್ತಿ ಬಂದಿದ್ಲು. ಅಂಗಡೀಲಿ ನೊಣ ಹೊಡೀತಿದ್ದಾನಂತೆ ಮೈದುನ. ಸ್ಟಾಕೆಲ್ಲ ಸಿಕ್ಕಿದ್ದಕ್ಕೆ ಕೊಟ್ಟು ಮುಚ್ಚಿಬಿಡ್ತೀನಿ ಅಂತಿದ್ದಾನಂತೆ. ಮುಚ್ಚಿದ್ರೆ ಮುಂದೇನು ಅಂತ ಅಳ್ತಿದ್ಲು."

"ವ್ಯಾಪಾರ ಅಂದ್ಮೇಲೆ ಏಳು ಬೀಳು ಇರುತ್ತೆ."

"ಅದ್ಯಾರೋ ಹೊಸ ಫೋನು ಅರ್ಧ ರೇಟಿಗೆ ಬರುತ್ತೆ ಅಂತ ಗಾಳಿ ಎಬ್ಬಿಸಿದ್ದಾರಂತೆ." ಅವಳು ಗಂಡನ ಮುಖವನ್ನೇ ನೋಡಿದಳು. "ಯಾರು ಅಂತ ಗೊತ್ತಾ ನಿಮಗೆ?"

"ನಂಗೇನ್ ಗೊತ್ತು! ಕೂದ್ಲು ಕತ್ತರಿಸೋನು ನಾನು."

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆಗಲಾದರೂ ದೊಡ್ಡವನು ನಿಲ್ಲಿಸಬಹುದಿತ್ತು. ಎದ್ದು ಹೋಗಿ ನಾಲ್ಕು ಜನಕ್ಕೆ, ನಾನು ಹೇಳಿದ್ದು ಸುಳ್ಳು ಅಂದಿದ್ದರೆ ತಮ್ಮನ ಅಂಗಡಿ ಉಳಿಯುತ್ತಿತ್ತು. ಆದರೆ ಊಟ ಮುಗಿಸಿ ಶಾಪಿಗೆ ಬಂದರೆ ಬೆಂಚಿನ ತುಂಬ ಜನ. "ಬಂದ್ರು ನೋಡಿ! ಹೊಸ ಫೋನಿನ ಸುದ್ದಿ ಏನಿದೆ?" ಎಂದು ಎಲ್ಲರ ಕಣ್ಣೂ ಇವನ ಮೇಲೆ. ಆ ಸುಖ ಬಿಡಲು ಮನಸ್ಸು ಬರಬೇಕಲ್ಲ. ಸುದ್ದಿ ಹೇಳಿದ.

ಕೊನೆಗೆ ಫೋನು ಬಂತು. ಬೆಲೆ ಕೇಳಿ ಬೀದಿ ಬೆಚ್ಚಿಬಿತ್ತು. ಅರ್ಧ ಎಲ್ಲಿ ಬಂತು, ಒಂದೂವರೆ ಪಟ್ಟಾಗಿತ್ತು! ಮಡಚುವುದಿಲ್ಲ, ಕ್ಯಾಮೆರಾ ಉಬ್ಬು ಹಾಗೇ ಇದೆ, ಡಬ್ಬದಲ್ಲಿ ಚಾರ್ಜರೂ ಇಲ್ಲ. "ಏನಯ್ಯಾ, ನಮ್ ಕಿವಿ ಮೇಲೆ ಹೂವಿಟ್ಟೆಯಲ್ಲ!" ಎಂದು ಮೇಷ್ಟ್ರು ಛೇಡಿಸಿದರು. "ಕಂಪನಿಯವ್ರು ಮಾತು ತಪ್ಪಿದ್ರು, ನಾನೇನ್ ಮಾಡ್ಲಿ?" ಎಂದು ದೊಡ್ಡವನು ಜಾರಿಕೊಂಡ. ಇದ್ದ ಫೋನನ್ನೇ ಕೊಳ್ಳೋಣ ಎಂದು ಜನ ಎದ್ದು ಪಕ್ಕಕ್ಕೆ ಹೋದರೆ ಕಪಾಟುಗಳು ಖಾಲಿ. ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಚಿಕ್ಕವನು ಅಣ್ಣನ ಶಾಪಿಗೆ ಬಂದ. ವಾರಕ್ಕೊಮ್ಮೆ ಅವನಿಗೆ ಶೇವಿಂಗ್ ಮಾಡುವುದು ಅಣ್ಣನೇ. ಮೀಸೆ ಚಿಗುರಿದ ದಿನದಿಂದ ನಡೆದುಬಂದ ಪದ್ಧತಿ, ಎಂಥ ಮುನಿಸಿದ್ದರೂ ತಪ್ಪಿದ್ದಿಲ್ಲ. ಬಂದು ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಹಾಕಿದ. ಕೆನ್ನೆ ಒಳಗೆ ಹೋಗಿತ್ತು. ದೊಡ್ಡವನು ನೊರೆ ಹಚ್ಚಿ, ಏನಾದರೂ ಮಾತಾಡಬೇಕಲ್ಲ ಅಂತ, "ಮುಂದೇನು ಮಾಡ್ತೀಯ?" ಅಂದ.

"ಇನ್ನೇನಣ್ಣಾ, ಮತ್ತೆ ಕತ್ತರಿ ಹಿಡೀಬೇಕು. ಗೋಡೆ ತೆಗೆಸಿ ನನ್ ಹಳೇ ಕುರ್ಚಿ ಹಾಕ್ಕೋತೀನಿ. ಬೇರೆ ಕೆಲ್ಸ ಬರಲ್ವಲ್ಲ ನಂಗೆ."

ದೊಡ್ಡವನು ಒಂದು ಕೆನ್ನೆ ಮುಗಿಸಿದ. "ಜನ ಸರಿಯಿಲ್ಲ ಕಣೋ. ಯಾರೋ ಏನೋ ಹೇಳಿದ್ರು ಅಂತ..."

"ನೀನ್ ಹೇಳಿದ್ದು ನಂಗೆ ಕೇಳಿಸ್ತಿತ್ತಣ್ಣಾ."

ರೇಜರ್ ನಿಂತಿತು.

"ಮೊದಲನೇ ದಿನದಿಂದ್ಲೂ ಕೇಳಿಸ್ತಿತ್ತು" ಅಂದ ಚಿಕ್ಕವನು. ಇವನು ಮಾತ್ರ ರೇಜರಿಗೆ ಹೆದರಿ ಉಂ ಅನ್ನುವವನಲ್ಲ. ಕಣ್ಣು ಮುಚ್ಚಿಕೊಂಡೇ ಮಾತಾಡಿದ.

ದೊಡ್ಡವನು ರೇಜರನ್ನು ಬಟ್ಟೆಗೆ ಒರೆಸಿದ. "ಮತ್ತೆ ಯಾಕೋ ಬಂದು ಕೇಳ್ಲಿಲ್ಲ? ಕಪಾಳಕ್ಕೆ ಬಾರಿಸೋಕಾದ್ರೂ ಬರ್ಬಾರದಿತ್ತಾ?" ಅಂದ.

"ಕೇಳಿದ್ರೆ ನೀನು ಇಲ್ಲ ಅಂತಿದ್ದೆ. ಅಣ್ಣನ ಬಾಯಲ್ಲಿ ನನ್ ಮುಖದ ಮೇಲೇ ಸುಳ್ಳು ಹೇಳಿಸ್ಬೇಕಲ್ಲ ಅಂತ ಸುಮ್ಮನಾದೆ." ಚಿಕ್ಕವನು ಕಣ್ಣು ಬಿಟ್ಟು ಕನ್ನಡಿಯಲ್ಲಿ ಅಣ್ಣನನ್ನು ನೋಡಿದ. "ನಾನು ಕತ್ತರಿ ಯಾಕೆ ಕೆಳಗಿಟ್ಟೆ ಅಂದ್ಕೊಂಡಿದ್ದೀಯ ನೀನು? ಕೂದ್ಲು ಸಾಕಾಯ್ತು ಅಂತಾನಾ? ನಿನ್ ಕುರ್ಚಿ ಖಾಲಿ ಇದ್ರೂ ಜನ ನಂಗೇ ಅಂತ ಕಾಯ್ತಿದ್ರು. ಆಗ ನಿನ್ ಮುಖ ನೋಡೋಕಾಗ್ತಿರ್ಲಿಲ್ಲ ನಂಗೆ. ಇದನ್ನ ಅಣ್ಣ ಒಬ್ಬನೇ ಇಟ್ಕೊಳ್ಳಲಿ ಅಂತ ಬಿಟ್ಟೆ. ಈಗ ಫೋನೂ ಬಿಟ್ಟೆ. ಇನ್ನೇನ್ ಬಿಡ್ಬೇಕು ಹೇಳಣ್ಣಾ, ಅದನ್ನೂ ಬಿಡ್ತೀನಿ."

ದೊಡ್ಡವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ರೇಜರನ್ನು ತಮ್ಮನ ಕುತ್ತಿಗೆಯಿಂದ ದೂರ ಸರಿಸಿ ಹಿಡಿದುಕೊಂಡ. ತಪ್ಪಾಯ್ತು ಕಣೋ ಅನ್ನಬೇಕು. ಅಷ್ಟು ಚಿಕ್ಕ ಮಾತು, ದಿನವಿಡೀ ವಟಗುಟ್ಟುವ ಆ ಬಾಯಿಂದ ಹೊರಡಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಲಾರಿ ಡ್ರೈವರು ಕಾಣಿಸಿಕೊಂಡ. ಗಡ್ಡ ಕೆರೆದುಕೊಳ್ಳುತ್ತ, ಕುರ್ಚಿಯಲ್ಲಿದ್ದವನನ್ನು ನೋಡಿ ಹಲ್ಲು ಬಿಟ್ಟ. "ಚಿಕ್ಕೋನು ಮತ್ತೆ ಕಟಿಂಗ್ ಶುರು ಮಾಡ್ತಾನಂತಲ್ಲ, ನಿಜಾನಾ?"

ಈಗಲೂ, ಇಷ್ಟೆಲ್ಲ ಕೇಳಿದ ಮೇಲೂ, ದೊಡ್ಡವನ ಹಳೆಯ ಉರಿ ಒಂದು ಗಳಿಗೆ ಮುಖಕ್ಕೆ ಬಂತು. ಚಿಕ್ಕವನು ಕನ್ನಡಿಯಲ್ಲಿ ಅದನ್ನು ಕಂಡ. ಕಂಡವನೇ, "ಇಲ್ಲ ಇಲ್ಲ, ಯಾರ್ ಹೇಳಿದ್ದು..." ಎಂದು ಬಾಯಿ ತೆರೆದ.

ದೊಡ್ಡವನು ತಮ್ಮನ ತುಟಿಯ ಮೇಲೆ ನೊರೆಯ ಬ್ರಷ್ಷು ಒತ್ತಿದ. "ಸುಮ್ನಿರೋ, ಕುಯ್ದುಬಿಟ್ಟೀತು" ಎಂದು ಗದರಿ, ಬಾಗಿಲ ಕಡೆ ನೋಡದೆಯೇ ಹೇಳಿದ: "ಹೌದು, ನಿಜ. ಗೋಡೆ ತೆಗೀತಿದ್ದೀವಿ. ನಾಳೆಯಿಂದ ಅವನೂ ಮಾಡ್ತಾನೆ."

"ಹಂಗಾದ್ರೆ ನಾನು ನಾಳೇನೇ ಬರ್ತೀನಿ ಬಿಡಿ" ಎಂದು ಡ್ರೈವರು ಹೊರಟುಹೋದ.

ದೊಡ್ಡವನು ಬಗ್ಗಿ, ತಮ್ಮನ ಇನ್ನೊಂದು ಕೆನ್ನೆಗೆ ಮತ್ತೆ ನೊರೆ ಹಚ್ಚತೊಡಗಿದ.