ಬೆಂಚಿನ ಬಾಗಿಲು

ಮಿನೆಸೋಟದ ಆ ಪುಟ್ಟ ಕಾಲೇಜಿನ ಹುಡುಗಿಯರಿಗೆ ಕೋಚ್ ಐಲಿ ಐಸ್ ಹಾಕಿ ಆಟ ಕಲಿಸಲು ಬಂದು ಹತ್ತೊಂಬತ್ತು ವರ್ಷವಾಗಿತ್ತು. ಅಂದು ನಾಲ್ಕು ಗೋಲು ಬಿಟ್ಟ ಗೋಲ್‌ಕೀಪರ್ ಬ್ರಿಟಾಳನ್ನು ಆಟದ ನಡುವೆಯೇ ಹೊರಗೆ ಕರೆದು, ಇನ್ನೊಬ್ಬಳನ್ನು ಇಳಿಸಿದಳು.

“ಆಟಾನೇ ಬಿಟ್ಬಿಡ್ತೀನಿ ಕೋಚ್.”

“ನಾಳೆ ಬಿಡುವಿಯಂತೆ ಮಾರಾಯ್ತಿ. ಈಗ ಬೆಂಚಿನ ಬಾಗಿಲು ತೆಗೆಯೋ ಕೆಲಸ ನಿಂದು. ಗೋಲಲ್ಲಿ ನಿಲ್ಲೋ ಮುಂಚೆ ನಾನೂ ಮೂರು ವರ್ಷ ಅದನ್ನೇ ಕಾಯ್ದೋಳು. ಆಟ ಕಲಿತದ್ದೂ ಅಲ್ಲೇ ಕೂತು.”

ಬ್ರಿಟಾ ಮುಖ ಊದಿಸಿಕೊಂಡೇ, ಆಟಗಾರ್ತಿಯರ ಬೆಂಚಿನಿಂದ ಹಿಮದಂಗಳಕ್ಕೆ ಹೋಗಿಬರುವವರಿಗೆಲ್ಲ ನಡುವಿನ ಬಾಗಿಲು ತೆಗೆದಳು, ಹಾಕಿದಳು. ಸ್ವಲ್ಪ ಹೊತ್ತಿಗೆ ಚೀರಿದಳು: “ಕೋಚ್! ಎದುರು ತಂಡದ ಏಳನೇ ನಂಬರಿನೋಳು ಹೊಡೆಯೋ ಮುಂಚೆ ಎಡಭುಜ ಇಳಿಸ್ತಾಳೆ!”

“ನನಗ್ಯಾಕೆ ಹೇಳ್ತೀ? ಗೋಲಲ್ಲಿರೋಳಿಗೆ ಹೇಳು.”

ವಿರಾಮದಲ್ಲಿ ಬ್ರಿಟಾ ತನ್ನ ಜಾಗ ಹಿಡಿದವಳಿಗೇ ಭುಜ ಇಳಿಸಿ ತೋರಿಸುತ್ತಿದ್ದಳು. ಆಟವೇನೋ ಸೋತರು. ಹೊರಡುವಾಗ ಬ್ರಿಟಾ, “ಸೋಮವಾರ ಪ್ರಾಕ್ಟೀಸಿಗೆ ಎಷ್ಟೊತ್ತಿಗೆ ಬರ್ಲಿ ಕೋಚ್?” ಅಂದಾಗ ಐಲಿಗೆ ಗೆದ್ದಷ್ಟೇ ಹಿಗ್ಗಾಯಿತು.